ಬೀದರ್‌ನ ಕೆಂಪು ಕಲ್ಲು: ಅಗೆದರೆ ಎಷ್ಟು ಲಾಭ, ಉಳಿಸಿದರೆ ಎಷ್ಟು ನೀರು?

ಬೀದರ್: ಈ ನಗರ ನಿಂತಿರುವುದೇ ಕೆಂಪು ಕಲ್ಲಿನ ಮೇಲೆ. ಬಹಮನಿ ಅರಸರ ಕೋಟೆಯ ಮೂರು ಸಾಲಿನ ಕಂದಕವನ್ನು ಕಡೆದದ್ದು ಈ ಕಲ್ಲಿನಲ್ಲಿ. ನೌಬಾದ್‌ನ ಸುರಂಗ ಬಾವಿಯನ್ನು ಕೊರೆದದ್ದು ಈ ಕಲ್ಲಿನಲ್ಲಿ. ಝರಣಿ ನರಸಿಂಹನ ದರ್ಶನಕ್ಕೆ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವ ಗುಹೆ ಇರುವುದೂ ಈ ಕಲ್ಲಿನ ಗುಡ್ಡದೊಳಗೆ. ಕರಾವಳಿಯವರು ಮುರಕಲ್ಲು ಎಂದೂ ಮಲೆನಾಡಿನವರು ಜಂಬಿಟ್ಟಿಗೆ ಎಂದೂ ಕರೆಯುವ ಈ ಶಿಲೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಲ್ಯಾಟರೈಟ್.

ಜಗತ್ತಿನ ನಿಕ್ಕಲ್ ನಿಕ್ಷೇಪಗಳಲ್ಲಿ ದೊಡ್ಡ ಪಾಲು ಇರುವುದು ಲ್ಯಾಟರೈಟ್‌ನಲ್ಲಿಯೇ. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ನಿಕ್ಕಲ್ ಕೂಡ ಸೇರಿದೆ. ಹಾಗಾದರೆ ಬೀದರ್‌ನ ಕೆಂಪು ಕಲ್ಲಿನಲ್ಲಿಯೂ ಅದು ಇರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ನಿಕ್ಕಲ್ ಇಲ್ಲದಿದ್ದರೆ ಬಾಕ್ಸೈಟ್? ಅದೂ ಇಲ್ಲದಿದ್ದರೆ ಕೆಮ್ಮಣ್ಣು, ಬಿಳಿ ಜೇಡಿ? ಹಿಂದುಳಿದ ಗಡಿ ಜಿಲ್ಲೆಯೊಂದರ ಮಟ್ಟಿಗೆ ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ. ಉತ್ತರ ಹುಡುಕಬೇಕಾದರೆ ಮೊದಲು ಕಲ್ಲಿನ ಹುಟ್ಟನ್ನು, ಬಳಿಕ ಮಾರುಕಟ್ಟೆಯ ಲೆಕ್ಕವನ್ನು, ಕೊನೆಗೆ ನೀರಿನ ಲೆಕ್ಕವನ್ನು ನೋಡಬೇಕಾಗುತ್ತದೆ.

ಲ್ಯಾಟರೈಟ್ ಎಂದರೇನು?

ಲ್ಯಾಟರೈಟ್ ಸ್ವತಂತ್ರವಾಗಿ ಹುಟ್ಟಿದ ಶಿಲೆಯಲ್ಲ. ಬಿಸಿಲು ಮಳೆಗಳಿಗೆ ಲಕ್ಷಾಂತರ ವರ್ಷ ಒಡ್ಡಿಕೊಂಡ ತಾಯಿಬಂಡೆ ಕೊಳೆತು, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕರಗದ ಕಬ್ಬಿಣ ಹಾಗೂ ಅಲ್ಯುಮಿನಿಯಂ ಅಂಶಗಳು ಉಳಿದು ಗಟ್ಟಿಯಾದ ಪದರವಿದು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರನ್ನು ರೂಪಿಸಿದವನು ಫ್ರಾನ್ಸಿಸ್ ಬುಕಾನನ್. ಆತನ ಪ್ರವಾಸ ಕಥನ 1807ರಲ್ಲಿ ಪ್ರಕಟವಾಯಿತು. 1840ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಬೀದರ್‌ನ ಲ್ಯಾಟರೈಟ್ ಕುರಿತೇ ಪ್ರತ್ಯೇಕವಾಗಿ ಬರೆದ. ಅಂದಿನಿಂದಲೂ ಬೀದರ್ ಪ್ರಸ್ಥಭೂಮಿ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತ ತಾಣ.

ಇಲ್ಲಿನ ತಾಯಿಬಂಡೆ ದಖ್ಖನ್ ಲಾವಾ, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಈ ಕಪ್ಪು ಕಲ್ಲು ಜಿಲ್ಲೆಯ ಉದ್ದಗಲಕ್ಕೂ ಹಾಸಿದೆ. ಬೀದರ್ ಹಾಗೂ ಹುಮನಾಬಾದ್ ತಾಲ್ಲೂಕುಗಳ ಎತ್ತರದ ಪ್ರದೇಶದಲ್ಲಿ ಅದರ ನೆತ್ತಿ ಕೊಳೆತು ಕೆಂಪು ಕಲ್ಲಾಗಿದೆ. ಭಾಲ್ಕಿ ಹಾಗೂ ಔರಾದ ತಾಲ್ಲೂಕುಗಳಲ್ಲಿ ಮುಖ್ಯವಾಗಿ ಎರೆ ಮಣ್ಣು. ಬಸವಕಲ್ಯಾಣದಲ್ಲಿ ಎರಡೂ ಉಂಟು. ಜಿಲ್ಲೆಯ ಖನಿಜದ ಮಾತು ಅರ್ಥವಾಗಬೇಕಾದರೆ ಈ ಹಂಚಿಕೆಯನ್ನು ನೆನಪಿಡಬೇಕು.

ನಿಕ್ಕಲ್ ಏಕಿಲ್ಲ?

ಲ್ಯಾಟರೈಟ್‌ನಲ್ಲಿ ಏನು ಉಳಿಯುತ್ತದೆ ಎಂಬುದು ತಾಯಿಬಂಡೆಯಲ್ಲಿ ಏನಿತ್ತು ಎಂಬುದನ್ನು ಅವಲಂಬಿಸಿದೆ. ಇಂಡೊನೇಷ್ಯಾ, ಫಿಲಿಪ್ಪೀನ್ಸ್, ನ್ಯೂ ಕ್ಯಾಲೆಡೋನಿಯಗಳ ನಿಕ್ಕಲ್ ಲ್ಯಾಟರೈಟ್ ರೂಪುಗೊಂಡಿರುವುದು ಮೆಗ್ನೀಷಿಯಂ ಹೇರಳವಾಗಿರುವ ಅಲ್ಟ್ರಾಮಾಫಿಕ್ ಶಿಲೆಗಳ ಮೇಲೆ. ಅಂತಹ ಶಿಲೆಯಲ್ಲಿ ನಿಕ್ಕಲ್ ಪ್ರಮಾಣ ಶೇ 0.2ರಿಂದ 0.3ರಷ್ಟು ಇರುತ್ತದೆ. ಶಿಥಿಲೀಕರಣದಿಂದ ಅದು ಐದಾರು ಪಟ್ಟು ಸಾಂದ್ರವಾದರೆ ಶೇ 1ರಿಂದ 2ರ ಅದಿರು ದೊರೆಯುತ್ತದೆ.

ಬಸಾಲ್ಟ್‌ನ ಸ್ಥಿತಿ ಬೇರೆ. ಅದರಲ್ಲಿ ನಿಕ್ಕಲ್ ಇರುವುದು ಸುಮಾರು ಶೇ 0.01ರ ಆಸುಪಾಸು, ಎಂದರೆ ಒಂದು ಟನ್ ಕಲ್ಲಿಗೆ ಅಂದಾಜು 100 ಗ್ರಾಂ. ಶಿಥಿಲೀಕರಣದಿಂದ ಅದು ಐದು ಪಟ್ಟು ಹೆಚ್ಚಿತೆಂದೇ ಭಾವಿಸಿದರೂ ಟನ್ನಿಗೆ ಅರ್ಧ ಕಿಲೋ ದಾಟದು. ನಿಕ್ಕಲ್ ಬೆಲೆಯನ್ನು ಟನ್ನಿಗೆ 15 ಸಾವಿರ ಡಾಲರ್ ಎಂದು ಇಟ್ಟುಕೊಂಡರೆ, ಶೇ 1ರ ಅದಿರಿನ ಒಂದು ಟನ್ನಿನಲ್ಲಿರುವ ಲೋಹದ ಮೌಲ್ಯ 150 ಡಾಲರ್. ಬಸಾಲ್ಟ್ ಲ್ಯಾಟರೈಟ್‌ನ ಒಂದು ಟನ್ನಿನಲ್ಲಿ ಅದು, ಉದಾರವಾಗಿ ಎಣಿಸಿದರೂ, ಏಳೂವರೆ ಡಾಲರ್. ಕಲ್ಲನ್ನು ಅಗೆದು, ಪುಡಿ ಮಾಡಿ, ಆಮ್ಲದಲ್ಲಿ ಬೇಯಿಸುವ ವೆಚ್ಚದ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಬೀದರ್‌ನ ಕೆಂಪು ಕಲ್ಲು ನಿಕ್ಕಲ್ ಅದಿರು ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಕಡಿಮೆ ದರ್ಜೆಯ ಅದಿರನ್ನು ಬಳಸುವ ತಂತ್ರಜ್ಞಾನ ಜಗತ್ತಿನಲ್ಲಿ ಇಲ್ಲವೆಂದಲ್ಲ. ಸುಮಾರು 250 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಭಾರೀ ಒತ್ತಡದಲ್ಲಿ, ಗಂಧಕಾಮ್ಲದಿಂದ ಲೋಹವನ್ನು ಬಸಿದು ತೆಗೆಯುವ ವಿಧಾನ ಬಳಕೆಯಲ್ಲಿದೆ. ಆದರೆ ಅದಕ್ಕೂ ಸಾಮಾನ್ಯವಾಗಿ ಶೇ 1ರ ಸಮೀಪದ ಅದಿರು ಬೇಕು. ಆ ದರ್ಜೆಯಲ್ಲಿ ಒಂದು ಟನ್ ನಿಕ್ಕಲ್ ಪಡೆಯಲು 100 ಟನ್ನಿಗೂ ಹೆಚ್ಚು ಅದಿರು ಸಂಸ್ಕರಿಸಬೇಕಾಗುತ್ತದೆ. ಉಳಿಯುವ ಆಮ್ಲಮಿಶ್ರಿತ ಕೆಸರನ್ನು ಎಲ್ಲಿ ಇಡುವುದೆಂಬುದೇ ಅಲ್ಲಿನ ಬಹುದೊಡ್ಡ ಸಮಸ್ಯೆ.

ಬೆಲೆಯ ಏರಿಳಿತ ಮತ್ತೊಂದು ತೊಡಕು. 2022ರ ಮಾರ್ಚ್‌ನಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕಲ್ ಕ್ಷಣಕಾಲ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು. ಆದರೆ ಇಂಡೊನೇಷ್ಯಾದ ಉತ್ಪಾದನೆ ಮಾರುಕಟ್ಟೆಯನ್ನು ತುಂಬಿದ ಮೇಲೆ ಬೆಲೆ ಕುಸಿಯಿತು. 2024ರಲ್ಲಿ ಆಸ್ಟ್ರೇಲಿಯದ ಬಿಎಚ್‌ಪಿ ಕಂಪನಿ ತನ್ನ ನಿಕ್ಕಲ್ ವೆಸ್ಟ್ ಘಟಕಗಳ ಕೆಲಸ ನಿಲ್ಲಿಸಿತು. ನ್ಯೂ ಕ್ಯಾಲೆಡೋನಿಯದ ಕೊನಿಯಾಂಬೊ ಘಟಕದಲ್ಲಿಯೂ ಅದೇ ವರ್ಷ ಉತ್ಪಾದನೆ ನಿಂತಿತು. ಉತ್ತಮ ಅದಿರು ಇರುವವರಿಗೇ ಈ ಗತಿಯಾದರೆ ಕಡಿಮೆ ದರ್ಜೆಯ ನಿಕ್ಷೇಪಗಳ ಪಾಡು ಊಹಿಸಬಹುದು.

ದೇಶದ ನಿಕ್ಕಲ್ ಎಲ್ಲಿದೆ?

ಭಾರತದಲ್ಲಿ ಗಣಿಯಿಂದ ನೇರವಾಗಿ ನಿಕ್ಕಲ್ ಅದಿರು ತೆಗೆದು ಲೋಹ ಉತ್ಪಾದಿಸುವ ಉದ್ಯಮ ಬೆಳೆದಿಲ್ಲ. ಭಾರತೀಯ ಗಣಿ ಬ್ಯೂರೊ 2015ರ ಏಪ್ರಿಲ್ 1ಕ್ಕೆ ಸಿದ್ಧಪಡಿಸಿದ ಖನಿಜ ಪಟ್ಟಿಯ ಪ್ರಕಾರ ದೇಶದ ನಿಕ್ಕಲ್ ಅದಿರು ಸಂಪನ್ಮೂಲ ಸುಮಾರು 18.9 ಕೋಟಿ ಟನ್. ಅದರಲ್ಲಿ ಶೇ 92ರಷ್ಟು ಒಡಿಶಾದಲ್ಲಿದೆ. ಜಾರ್ಖಂಡ್ ಹಾಗೂ ನಾಗಾಲ್ಯಾಂಡ್‌ಗಳ ನಂತರ ಬರುವ ಕರ್ನಾಟಕದ ಪಾಲು ನಾಮಮಾತ್ರ, 2.3 ಲಕ್ಷ ಟನ್. ರಾಜ್ಯದಲ್ಲಿ ಅಲ್ಟ್ರಾಮಾಫಿಕ್ ಶಿಲೆಗಳು ಕಾಣಸಿಗುವುದು ಕ್ರೋಮೈಟ್‌ಗೆ ಹೆಸರಾದ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಂತಹ ಹಳೆಯ ಶಿಲಾಪಟ್ಟಿಗಳಲ್ಲಿಯೇ ಹೊರತು ದಖ್ಖನ್ ಲಾವಾ ಪ್ರದೇಶದಲ್ಲಿ ಅಲ್ಲ.

ಒಡಿಶಾದ ಸುಕಿಂದಾ ಕಣಿವೆಯ ಅನುಭವ ಇಲ್ಲಿ ಉಲ್ಲೇಖನೀಯ. ಅಲ್ಲಿ ಕ್ರೋಮೈಟ್ ಗಣಿಗಾರಿಕೆಗಾಗಿ ತೆಗೆದು ರಾಶಿ ಹಾಕಿದ ಮೇಲ್ಪದರದಲ್ಲಿ ಶೇ 1ಕ್ಕಿಂತ ಕಡಿಮೆ ನಿಕ್ಕಲ್ ಇದೆ. ಹಲವು ದಶಕಗಳ ಸಂಶೋಧನೆಯ ನಂತರವೂ ಅದು ಬಹುಮಟ್ಟಿಗೆ ರಾಶಿಯಾಗಿಯೇ ಉಳಿದಿದೆ. ಗಣಿ ಪ್ರದೇಶದ ನೀರಿನಲ್ಲಿ ವಿಷಕಾರಿ ಷಡ್ವೇಲೆನ್ಸಿ ಕ್ರೋಮಿಯಂ ಸೇರಿದ್ದರಿಂದ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಸಂಸ್ಥೆ 2007ರಲ್ಲಿ ಸುಕಿಂದಾವನ್ನು ಜಗತ್ತಿನ ಅತ್ಯಂತ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿತು.

ಇರುವುದೇನು?

ಬೀದರ್ ಜಿಲ್ಲೆ ಖನಿಜ ಶೂನ್ಯವೇನಲ್ಲ. ಬಸವಕಲ್ಯಾಣದ ದಕ್ಷಿಣಕ್ಕೆ ಸುಮಾರು ಮೂರು ಕಿ.ಮೀ. ದೂರದಲ್ಲಿ ಬಾಕ್ಸೈಟ್, ಬೀದರ್ ತಾಲ್ಲೂಕಿನ ಕಮಠಾಣಾದಲ್ಲಿ ಬಾಕ್ಸೈಟ್ ಹಾಗೂ ಕೇಯೋಲಿನ್ ಎಂಬ ಬಿಳಿ ಜೇಡಿ, ಸಿರ್ಸಿ ಹಾಗೂ ಔರಾದ ಗ್ರಾಮಗಳ ಬಳಿ ಕೆಮ್ಮಣ್ಣು ಇರುವುದು ಜಿಲ್ಲೆಯ ಅಧಿಕೃತ ವಿವರಗಳಲ್ಲಿ ದಾಖಲಾಗಿದೆ. ಔರಾದ ಹೆಸರಿನ ಗ್ರಾಮ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚಿದ್ದು, ತಾಲ್ಲೂಕು ಕೇಂದ್ರವನ್ನು ಔರಾದ (ಬಿ) ಎಂದೂ ಬೀದರ್ ತಾಲ್ಲೂಕಿನ ಗ್ರಾಮವನ್ನು ಔರಾದ (ಎಸ್) ಎಂದೂ ಗುರುತಿಸುವುದು ರೂಢಿ. ಖನಿಜ ದಾಖಲೆ ಓದುವಾಗ ಈ ವ್ಯತ್ಯಾಸ ಮರೆಯುವಂತಿಲ್ಲ.

ಇವುಗಳಲ್ಲಿ ಲೋಹದ ಆಸೆ ಹುಟ್ಟಿಸುವುದು ಬಾಕ್ಸೈಟ್ ಒಂದೇ. ಆದರೆ ಇಲ್ಲಿನ ನಿಕ್ಷೇಪದ ಬಗೆಗಿನ ವಿವರಗಳಲ್ಲಿಯೇ ಅದಕ್ಕೊಂದು ವಿಶೇಷಣ ಅಂಟಿಕೊಂಡಿದೆ: ಸಿಲಿಕಾ ಹೆಚ್ಚಿರುವ ಬಾಕ್ಸೈಟ್ ಜೇಡಿ. ಆರ್ಥಿಕ ದೃಷ್ಟಿಯಿಂದ ಎಲ್ಲವೂ ನಿಂತಿರುವುದು ಈ ಒಂದು ಮಾತಿನ ಮೇಲೆ.

ಸಿಲಿಕಾದ ಲೆಕ್ಕ

ಬಾಕ್ಸೈಟ್‌ನಿಂದ ಅಲ್ಯುಮಿನಾ ತೆಗೆಯಲು ಕಾಸ್ಟಿಕ್ ಸೋಡಾ ದ್ರಾವಣ ಬಳಸುತ್ತಾರೆ. ಬೇಯರ್ ವಿಧಾನ ಎಂದು ಕರೆಯಲಾಗುವ ಇದರಲ್ಲಿ ಅದಿರಿನೊಳಗಿನ ಜೇಡಿಯ ಸಿಲಿಕಾ ಸೋಡಾದೊಡನೆ ಸೇರಿ ಕರಗದ ವಸ್ತುವಾಗಿ ಮಾರ್ಪಡುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಹೀಗೆ ವರ್ತಿಸುವ ಪ್ರತಿ ಕಿಲೋ ಸಿಲಿಕಾ ಒಂದು ಕಿಲೋದಷ್ಟು ಕಾಸ್ಟಿಕ್ ಸೋಡಾವನ್ನೂ ಅಷ್ಟೇ ಪ್ರಮಾಣದ ಅಲ್ಯುಮಿನಾವನ್ನೂ ನುಂಗಿಹಾಕುತ್ತದೆ. ಇಂತಹ ಸಿಲಿಕಾ ಶೇ 10ರಷ್ಟಿದ್ದರೆ ಟನ್ ಅದಿರಿಗೆ 100 ಕಿಲೋ ಸೋಡಾ ನಷ್ಟ. ಆದ್ದರಿಂದಲೇ ಅಲ್ಯುಮಿನಾ ಕಾರ್ಖಾನೆಗಳು ಸಾಮಾನ್ಯವಾಗಿ ಅದು ಶೇ 5ರೊಳಗೆ ಇರುವ ಅದಿರನ್ನು ಬಯಸುತ್ತವೆ.

ಸಾಗಣೆಯದು ಎರಡನೆಯ ತೊಡಕು. ಒಂದು ಟನ್ ಅಲ್ಯುಮಿನಾಕ್ಕೆ ಎರಡರಿಂದ ಮೂರು ಟನ್ ಬಾಕ್ಸೈಟ್ ಬೇಕು. ಒಂದು ಟನ್ ಅಲ್ಯುಮಿನಿಯಂಗೆ ಸುಮಾರು ಎರಡು ಟನ್ ಅಲ್ಯುಮಿನಾ ಬೇಕು. ರಾಜ್ಯದ ಅಲ್ಯುಮಿನಾ ಕಾರ್ಖಾನೆ ಇರುವುದು ಬೆಳಗಾವಿಯಲ್ಲಿ. ಬೀದರ್‌ನಿಂದ ಅದು 400 ಕಿ.ಮೀ.ಗೂ ಹೆಚ್ಚು ದೂರ. ಆ ಕಾರ್ಖಾನೆಗೆ ನೆರೆಯ ಕೊಲ್ಹಾಪುರ ಜಿಲ್ಲೆಯ ಬೆಟ್ಟಗಳ ಬಾಕ್ಸೈಟ್ ಹತ್ತಿರದ್ದು. ಇಲ್ಲಿಯೇ ಕಾರ್ಖಾನೆ ತೆರೆಯಬೇಕೆಂದರೆ ಹೇರಳ ನೀರು, ಹೇರಳ ಇಂಧನ, ಹಲವು ದಶಕಗಳಿಗೆ ಸಾಲುವ ಅದಿರು, ಜೊತೆಗೆ ಕೆಂಪು ಕೆಸರು ಸುರಿಯಲು ಜಾಗ ಬೇಕು. ಒಂದು ಟನ್ ಅಲ್ಯುಮಿನಾಕ್ಕೆ ಒಂದರಿಂದ ಒಂದೂವರೆ ಟನ್ ಕ್ಷಾರಯುಕ್ತ ಕೆಸರು ಹುಟ್ಟುತ್ತದೆ. ನೀರಿಗಾಗಿ ಮಂಜ್ರಾ, ಕಾರಂಜಾಗಳನ್ನೇ ನಂಬಿರುವ ಜಿಲ್ಲೆಗೆ ಇದು ಒಗ್ಗುವ ಉದ್ಯಮವಲ್ಲ.

ಲಿಥಿಯಂ ಕುರಿತೂ ಒಂದು ಮಾತು. ಬೀದರ್‌ನ ಲ್ಯಾಟರೈಟ್ ಪದರಗಳಲ್ಲಿನ ಲಿಥಿಯಂ ಐಸೊಟೋಪ್‌ಗಳನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕಲ್ಲು ಹೇಗೆ ಕೊಳೆಯುತ್ತದೆ ಎಂಬುದನ್ನು ತಿಳಿಯಲು ಅಲ್ಲಿ ಲಿಥಿಯಂ ಅನ್ನು ಗುರುತಿನ ಧಾತುವಾಗಿ ಬಳಸಲಾಗಿತ್ತು. ಅದನ್ನು ನಿಕ್ಷೇಪ ಪತ್ತೆಯಾದ ಸುದ್ದಿ ಎಂದು ಓದುವುದು ತಪ್ಪು.

ನಿಜವಾದ ಬೇಡಿಕೆ

ಹಾಗಾದರೆ ಕೆಂಪು ಕಲ್ಲಿಗೆ ಬೇಡಿಕೆಯೇ ಇಲ್ಲವೇ? ಇದೆ, ಆದರೆ ಲೋಹಕ್ಕಾಗಿ ಅಲ್ಲ. ಗೋಡೆ ಕಟ್ಟಲು ಕಲ್ಲು, ರಸ್ತೆಗೆ ಹಾಗೂ ನಿವೇಶನ ತುಂಬಲು ಮುರುಮ್, ಬಣ್ಣಕ್ಕೆ ಕೆಮ್ಮಣ್ಣು, ಪಿಂಗಾಣಿಗೆ ಬಿಳಿ ಜೇಡಿ. ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣಕಲ್ಲಿನೊಡನೆ ಕಬ್ಬಿಣ, ಅಲ್ಯುಮಿನಾ ಅಂಶ ಸರಿದೂಗಿಸಲು ಸ್ವಲ್ಪ ಪ್ರಮಾಣದ ಲ್ಯಾಟರೈಟ್ ಬೆರೆಸುವುದು ರೂಢಿ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಪಟ್ಟಿ ಇರುವುದು ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ.

ಇವೆಲ್ಲ ಅಗ್ಗದ ಸರಕು. ಬೆಲೆಗಿಂತ ಲಾರಿ ಬಾಡಿಗೆಯೇ ಹೆಚ್ಚೆನಿಸುವ ಇಂತಹ ವಸ್ತುವನ್ನು ಸಮೀಪದಲ್ಲಿಯೇ ತೆಗೆದು ಸಮೀಪದಲ್ಲಿಯೇ ಬಳಸಿದರೆ ಮಾತ್ರ ಗಿಟ್ಟುತ್ತದೆ. ಹಾಗಾಗಿ ಅಗೆತ ನಡೆಯುವುದು ಒಂದು ದೊಡ್ಡ ಗಣಿಯಲ್ಲಿ ಅಲ್ಲ, ನಗರದ ಸುತ್ತಮುತ್ತಲ ಹತ್ತಾರು ಸಣ್ಣ ಗುಂಡಿಗಳಲ್ಲಿ. ದೊಡ್ಡ ಗಣಿಯಾದರೆ ಜನರ ಕಣ್ಣಿಗೆ ಬೀಳುತ್ತದೆ, ಸಭೆಯಲ್ಲಿ ಚರ್ಚೆಯಾಗುತ್ತದೆ. ಸಣ್ಣ ಗುಂಡಿಗಳು ಸದ್ದಿಲ್ಲದೆ ಅಗಲವಾಗುತ್ತವೆ. ಬೀದರ್‌ನ ಮಟ್ಟಿಗೆ ಪರಿಸರದ ಪ್ರಶ್ನೆ ಏಳುವುದು ಇಲ್ಲಿಯೇ.

ಕಲ್ಲಿನೊಳಗಿನ ನೀರು

ಕೆಂಪು ಕಲ್ಲು ರಂಧ್ರಮಯ. ಮಳೆನೀರು ಅದರಲ್ಲಿ ಸುಲಭವಾಗಿ ಇಂಗುತ್ತದೆ. ಕೆಳಗೆ ನೀರನ್ನು ಬೇಗ ಬಿಟ್ಟುಕೊಡದ ಜೇಡಿ ಪದರ, ಅದರ ಕೆಳಗೆ ಗಟ್ಟಿ ಬಸಾಲ್ಟ್. ಇಂಗಿದ ನೀರು ಈ ಎರಡರ ಸಂಧಿಯಲ್ಲಿ ತಡೆದು, ಅಡ್ಡಲಾಗಿ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಬೀದರ್ ಸುತ್ತಲಿನ ಪುಣ್ಯಕ್ಷೇತ್ರಗಳಲ್ಲಿ ಹಲವು ಇಂತಹ ಒರತೆಗಳ ಬಳಿಯೇ ಇವೆ. ಗುರುನಾನಕ್ ಝೀರಾ, ಝರಣಿ ನರಸಿಂಹ ಎಂಬ ಹೆಸರುಗಳಲ್ಲಿಯೇ ಝರಿ ಇದೆ.

ಬಹಮನಿ ರಾಜಧಾನಿ 15ನೇ ಶತಮಾನದಲ್ಲಿ ಕಲಬುರಗಿಯಿಂದ ಬೀದರ್‌ಗೆ ಬಂದ ಕಾಲದ ತಂತ್ರಜ್ಞರು ಈ ಗುಣವನ್ನು ಚೆನ್ನಾಗಿ ಅರಿತಿದ್ದರು. ಪರ್ಷಿಯಾದ ಮಾದರಿಯ ಕರೇಜ್ ವ್ಯವಸ್ಥೆಯನ್ನು ಅವರು ಇಲ್ಲಿಗೆ ತಂದರು. ನೌಬಾದ್‌ನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು, ದಾರಿಯುದ್ದಕ್ಕೂ 20ಕ್ಕೂ ಹೆಚ್ಚು ಬಾವಿಗಳನ್ನು ತೋಡಿ, ಯಾವ ಯಂತ್ರವೂ ಇಲ್ಲದೆ ಇಳಿಜಾರಿನ ಬಲದಿಂದಲೇ ನೀರು ಹರಿಸಿದರು. ನ್ಯೂಯಾರ್ಕ್‌ನ ವಿಶ್ವ ಸ್ಮಾರಕ ನಿಧಿ 2014ರಲ್ಲಿ ಐತಿಹಾಸಿಕ ಬೀದರ್ ನಗರವನ್ನು ಅಪಾಯದಲ್ಲಿರುವ ತಾಣಗಳ ನಿಗಾ ಪಟ್ಟಿಗೆ ಸೇರಿಸಿದ ನಂತರ ಕರೇಜ್‌ನ ಹೂಳೆತ್ತುವ ಕಾರ್ಯಕ್ಕೆ ಚಾಲನೆ ದೊರೆಯಿತು.

ಕೆಂಪು ಕಲ್ಲನ್ನು ಅಗೆದರೆ ಆಗುವುದೇನು? ಮೇಲಿನ ಕಲ್ಲು ತೆಳುವಾದಷ್ಟೂ ನೀರು ಹಿಡಿದಿಡುವ ಜಾಗ ಕಡಿಮೆಯಾಗುತ್ತದೆ. ಅಗೆತ ಜೇಡಿ ಪದರ ತಲುಪಿದರೆ ಮಳೆನೀರು ಇಂಗದೆ ಗುಂಡಿಯಲ್ಲಿ ನಿಂತು ಆವಿಯಾಗುತ್ತದೆ ಅಥವಾ ಜೇಡಿಯನ್ನು ಹೊತ್ತು ಹಳ್ಳ ಸೇರುತ್ತದೆ. ಅಂಚಿನ ಒರತೆಗೆ ಬರಬೇಕಾದ ಪಾಲು ಅಲ್ಲಿಗೆ ತಪ್ಪುತ್ತದೆ. ಬೆಟ್ಟದ ಕಬ್ಬಿಣ ತೆಗೆದ ಮೇಲೆ ಗಿಡ ನೆಟ್ಟು ಹಸಿರು ಮಾಡಬಹುದು. ನೀರು ಹಿಡಿಯುವ ಕಲ್ಲನ್ನು ತೆಗೆದ ಮೇಲೆ ಮತ್ತೆ ಮಾಡಲು ಬರುವುದಿಲ್ಲ. ಅದು ರೂಪುಗೊಳ್ಳಲು ಬೇಕಾದದ್ದು ಲಕ್ಷಾಂತರ ವರ್ಷ.

ಭಾಲ್ಕಿ, ಔರಾದಗಳಿಗೇನು ಸಂಬಂಧ?

ಕೆಂಪು ಕಲ್ಲು ಬೀದರ್‌ನದಾದರೆ ಭಾಲ್ಕಿ, ಔರಾದಗಳದು ಎರೆ ಭೂಮಿ. ತೊಗರಿ, ಸೋಯಾ, ಉದ್ದು, ಹೆಸರು, ಕಡಲೆ, ಜೋಳ ಬೆಳೆಯುವ ಈ ಮಣ್ಣೂ ಬಸಾಲ್ಟ್‌ನ ಮಗುವೇ. ನಿಕ್ಕಲ್ ಮೊದಲಾದ ಲೋಹಗಳು ಇದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆಯಾದರೂ ಗಣಿಗಾರಿಕೆಯ ದೃಷ್ಟಿಯಿಂದ ಅವಕ್ಕೆ ಬೆಲೆಯಿಲ್ಲ. ಇಲ್ಲಿ ಅಗೆಯುವುದೇನಿದ್ದರೂ ಜಲ್ಲಿಗಾಗಿ ಕಪ್ಪು ಕಲ್ಲು, ಭರ್ತಿಗಾಗಿ ಮುರುಮ್, ಮಂಜ್ರಾ ಪಾತ್ರದ ಮರಳು.

ಕಾರಂಜಾ ಜಲಾಶಯ ಇರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ. ಅದರ ಸಂಗ್ರಹ ಸಾಮರ್ಥ್ಯ 7.69 ಟಿಎಂಸಿ ಅಡಿ. ಬೀದರ್ ನಗರದ ಕುಡಿಯುವ ನೀರಿಗೂ ಇದು ಆಧಾರ. ಮೇಲಿನ ಗುಡ್ಡಗಳಿಂದ ಕೊಚ್ಚಿ ಬರುವ ಜೇಡಿ, ಕೆಂಪು ಮಣ್ಣು ಕೊನೆಗೆ ಹೂಳಾಗಿ ಸೇರುವುದು ತಗ್ಗಿನ ಕೆರೆ, ಹಳ್ಳ, ಜಲಾಶಯಗಳನ್ನೇ. ಎತ್ತರದಲ್ಲಿ ತೋಡಿದ ಗುಂಡಿಯ ಲಾಭ ಒಬ್ಬರಿಗೆ, ಹೂಳಿನ ಭಾರ ತಗ್ಗಿನ ರೈತನಿಗೆ. ಎರೆ ಭೂಮಿಯಲ್ಲಿ ತೋಡಿದ ಕಲ್ಲು ಗಣಿಯ ಧೂಳು ಸುತ್ತಲಿನ ತೊಗರಿ ಹೊಲಕ್ಕೆ ಬೀಳುವುದೂ ಇದೇ ಲೆಕ್ಕಕ್ಕೆ ಸೇರಬೇಕು.

ಕಾನೂನು ಏನು ಹೇಳುತ್ತದೆ?

ಲ್ಯಾಟರೈಟ್, ಕೆಮ್ಮಣ್ಣು, ಕೇಯೋಲಿನ್ ಸೇರಿದಂತೆ 31 ಖನಿಜಗಳನ್ನು ಕೇಂದ್ರ ಸರ್ಕಾರ 2015ರ ಫೆಬ್ರುವರಿ 10ರಂದು ಉಪ ಖನಿಜಗಳೆಂದು ಘೋಷಿಸಿತು. ಇವುಗಳ ನಿಯಂತ್ರಣ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಬಾಕ್ಸೈಟ್ ಪ್ರಧಾನ ಖನಿಜವಾಗಿಯೇ ಉಳಿದಿದ್ದು, ಗುತ್ತಿಗೆ ನೀಡಿಕೆ ಹರಾಜಿನ ಮೂಲಕ. ನಿಕ್ಕಲ್ ಸೇರಿ 24 ನಿರ್ಣಾಯಕ ಖನಿಜಗಳ ಹರಾಜಿನ ಅಧಿಕಾರವನ್ನು 2023ರ ತಿದ್ದುಪಡಿ ಕೇಂದ್ರಕ್ಕೆ ನೀಡಿದೆ.

ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು ನೀಡಿದ ಆದೇಶದ ನಂತರ ಐದು ಹೆಕ್ಟೇರ್‌ಗಿಂತ ಕಡಿಮೆ ವಿಸ್ತೀರ್ಣದ ಉಪ ಖನಿಜ ಗುತ್ತಿಗೆಗೂ ಪರಿಸರ ಅನುಮತಿ ಅಗತ್ಯವಾಯಿತು. ದೊಡ್ಡ ಪ್ರದೇಶವನ್ನು ತುಂಡು ತುಂಡು ಮಾಡಿ ಅನುಮತಿಯಿಂದ ನುಣುಚಿಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶ. 2016ರ ಜನವರಿಯ ಅಧಿಸೂಚನೆ ಜಿಲ್ಲಾ ಸಮೀಕ್ಷಾ ವರದಿಯನ್ನು ಹಾಗೂ ಸಮೀಪದ ಗುತ್ತಿಗೆಗಳನ್ನು ಒಂದು ಗುಂಪಾಗಿ ಪರಿಗಣಿಸುವ ಕ್ರಮವನ್ನು ಜಾರಿಗೆ ತಂದಿತು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬುದು ಸ್ಮಾರಕ ಕಾಯ್ದೆಯ ನಿಯಮ. ಆದರೆ ಸುರಂಗ ಬಾವಿಗೆ ನೀರು ಬರುವುದು 300 ಮೀಟರ್ ವೃತ್ತದೊಳಗಿನಿಂದ ಮಾತ್ರವಲ್ಲ. ನೀರಿನ ಜಾಡು ಸ್ಮಾರಕದ ಗಡಿಗಿಂತ ಬಹಳ ದೂರದವರೆಗೆ ಹಬ್ಬಿರುತ್ತದೆ.

ಲಾಭ ನಷ್ಟದ ಪಟ್ಟಿ

ಒಟ್ಟಾರೆ ಚಿತ್ರ ಹೀಗಿದೆ. ನಿಕ್ಕಲ್: ಅದಿರು ಎನ್ನುವ ಮಟ್ಟದಲ್ಲಿ ಇಲ್ಲ, ಇರಲು ಬೇಕಾದ ತಾಯಿಬಂಡೆಯೂ ಇಲ್ಲ. ಬಾಕ್ಸೈಟ್: ಇದೆ, ಆದರೆ ಸಿಲಿಕಾದ ಹೊರೆ ಮತ್ತು ದೂರದ ಸಾಗಣೆ ಅದನ್ನು ಲೋಹದ ಉದ್ಯಮಕ್ಕೆ ದುಬಾರಿಯಾಗಿಸುತ್ತವೆ. ಕೆಮ್ಮಣ್ಣು, ಬಿಳಿ ಜೇಡಿ: ಸೀಮಿತ ಮಾರುಕಟ್ಟೆ, ಸ್ಥಳೀಯ ಉದ್ಯೋಗಕ್ಕೆ ಮಾತ್ರ ಅನುಕೂಲ. ಕಟ್ಟಡದ ಕೆಂಪು ಕಲ್ಲು, ಮುರುಮ್: ಬೇಡಿಕೆ ಖಚಿತ, ಆದಾಯ ಅಲ್ಪ, ನೀರಿನ ನಷ್ಟ ಶಾಶ್ವತ.

ಅಗೆಯಲೇಬೇಕಾದ ಕಡೆ ಕೆಲವು ಎಚ್ಚರಗಳು ಸಾಧ್ಯ. ಒರತೆಗಳ ಹಾಗೂ ಕರೇಜ್‌ಗಳ ಜಲಾನಯನವನ್ನು ನಕ್ಷೆಯಲ್ಲಿ ಗುರುತಿಸಿ ಗುತ್ತಿಗೆಯಿಂದ ಹೊರಗಿಡುವುದು, ಜೇಡಿ ಪದರ ತಲುಪುವ ಮೊದಲೇ ಅಗೆತ ನಿಲ್ಲಿಸುವ ಆಳದ ಮಿತಿ ವಿಧಿಸುವುದು, ಗುಂಡಿಗಳನ್ನು ಒಂದೊಂದಾಗಿ ಅಲ್ಲದೆ ಒಟ್ಟಾಗಿ ಲೆಕ್ಕ ಹಾಕುವುದು, ಮುಗಿದ ಗುಂಡಿಗಳಲ್ಲಿ ಮೇಲ್ಮಣ್ಣು ಹರಡಿ ಮಳೆನೀರು ಇಂಗಿಸುವುದು ಇವುಗಳಲ್ಲಿ ಮುಖ್ಯ. ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ಜಿಲ್ಲಾ ಸಮೀಕ್ಷಾ ವರದಿ ಸಿದ್ಧಪಡಿಸುವಾಗ ಖನಿಜದ ಟನ್ನುಗಳ ಪಕ್ಕದಲ್ಲಿ ನೀರಿನ ಲೆಕ್ಕವನ್ನೂ ಬರೆದರೆ ಸಾಕು.

ಬೀದರ್‌ನ ಮಣ್ಣಿಗೆ ಟನ್ ಲೆಕ್ಕದಲ್ಲಿ ಅಳೆಯಲಾಗದ ಬೆಲೆಯೂ ಉಂಟು. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬಿದರಿ ಕಲೆಯಲ್ಲಿ ಸತು ಹಾಗೂ ತಾಮ್ರದ ಪಾತ್ರೆಗೆ ಕಪ್ಪು ಬಣ್ಣ ಬರುವುದು ಕೋಟೆಯೊಳಗಿನ ಮಣ್ಣಿನಿಂದ. ಕುಶಲಕರ್ಮಿಗಳು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ, ಹಿಡಿ ಹಿಡಿಯಾಗಿ ಬಳಸುತ್ತಾರೆ. ಅದೇ ಕೋಟೆಯ ಕೆಳಗಿನ ಕಲ್ಲು ಆರು ಶತಮಾನಗಳಿಂದ ಊರಿಗೆ ನೀರು ಕೊಟ್ಟಿದೆ. ಆ ಕಲ್ಲನ್ನು ಲಾರಿ ಲೆಕ್ಕದಲ್ಲಿ ಮಾರುವ ಮುನ್ನ ಈ ನೀರಿಗೂ ಒಂದು ದರ ಕಟ್ಟಿ ನೋಡುವುದು ಒಳಿತು.